ಕಿರು ಮಾಡ್ಯುಲರ್ ಸಿಂಥಸೈಜರ್: ಮಿತವ್ಯಯದ ನಿರ್ಮಾಣ ಮತ್ತು ವಿದ್ಯುತ್ ಆಯವ್ಯಯ

ವಾದ್ಯ ತಯಾರಿಕೆ ಎಂದೊಡನೆ ಮರಗೆಲಸ, ಚರ್ಮ ಮತ್ತು ತಂತಿಗಳ ಕಸುಬು ನೆನಪಾಗುವುದು ಸಹಜ. ಆದರೆ ಕಳೆದ ಮೂರು ದಶಕಗಳಲ್ಲಿ ಯೂರೋಪ್ ಮತ್ತು ಅಮೆರಿಕಗಳಲ್ಲಿ ಬೇರೊಂದು ಬಗೆಯ ವಾದ್ಯೋದ್ಯಮ ಬೆಳೆದು ನಿಂತಿದೆ. ಅಲ್ಯೂಮಿನಿಯಂ ಫಲಕ, ಮುದ್ರಿತ ಮಂಡಲ ಹಲಗೆ, ಕೆಲವು ತಿರುಗುಗುಂಡಿಗಳು ಮತ್ತು ತಂತಿ ಜೋಡಿಸುವ ಜಾಕ್‌ಗಳು ಇದರ ಕಚ್ಚಾ ಸಾಮಗ್ರಿ. ಇಬ್ಬರು ಮೂವರು ಸೇರಿ ನಡೆಸುವ ಕಾರ್ಯಾಗಾರಗಳೇ ಇಲ್ಲಿ ಬಹುಸಂಖ್ಯೆಯಲ್ಲಿವೆ. ಈ ವಾದ್ಯಕ್ಕೆ ಮಾಡ್ಯುಲರ್ ಸಿಂಥಸೈಜರ್ ಎಂದು ಹೆಸರು. ಕೈಚೀಲದಲ್ಲಿ ಒಯ್ಯಬಹುದಾದ ಕಿರು ಮಾದರಿಯನ್ನು ಕಡಿಮೆ ಖರ್ಚಿನಲ್ಲಿ ನಿರ್ಮಿಸುವುದು ಹೇಗೆ, ಅದಕ್ಕೆ ವಿದ್ಯುತ್ತನ್ನು ಒದಗಿಸುವಾಗ ಹಾಕಬೇಕಾದ ಲೆಕ್ಕವೇನು, ಸಣ್ಣ ತಯಾರಕರು ಎಲ್ಲಿ ಉಳಿತಾಯ ಮಾಡಬಹುದು ಮತ್ತು ಎಲ್ಲಿ ಮಾಡಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ವಾದ್ಯದ ಸ್ವರೂಪ

ಸಾಮಾನ್ಯ ಕೀಬೋರ್ಡ್ ವಾದ್ಯದಲ್ಲಿ ನಾದವನ್ನು ಹುಟ್ಟಿಸುವ, ತಿದ್ದುವ ಮತ್ತು ಹೊರಗೆ ಕಳುಹಿಸುವ ಮಂಡಲಗಳೆಲ್ಲ ಒಂದೇ ಪೆಟ್ಟಿಗೆಯೊಳಗೆ ಶಾಶ್ವತವಾಗಿ ಬೆಸೆದುಕೊಂಡಿರುತ್ತವೆ. ಮಾಡ್ಯುಲರ್ ವಾದ್ಯದಲ್ಲಿ ಪ್ರತಿಯೊಂದು ಕಾರ್ಯಕ್ಕೂ ಪ್ರತ್ಯೇಕ ಘಟಕವಿರುತ್ತದೆ. ಆಸಿಲೇಟರ್ ಎಂಬ ಘಟಕ ನಾದವನ್ನು ಉತ್ಪಾದಿಸುತ್ತದೆ. ಫಿಲ್ಟರ್ ಅದರ ಗುಣವನ್ನು ತಿದ್ದುತ್ತದೆ. ಆಂಪ್ಲಿಫೈಯರ್ ಅದರ ಪ್ರಮಾಣವನ್ನು ಏರಿಳಿಸುತ್ತದೆ. ಎನ್ವಲಪ್ ಎಂಬ ಘಟಕ ನಾದ ಯಾವಾಗ ಏರಬೇಕು, ಯಾವಾಗ ಕ್ಷೀಣಿಸಬೇಕು ಎಂಬುದನ್ನು ನಿರ್ಧರಿಸುತ್ತದೆ. ಬಳಕೆದಾರನು ತನಗೆ ಬೇಕಾದ ಘಟಕಗಳನ್ನು ಕೊಂಡು ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಮುಂಭಾಗದ ಜಾಕ್‌ಗಳ ನಡುವೆ ತಂತಿಗಳನ್ನು ಚುಚ್ಚಿ ತನ್ನದೇ ವಾದ್ಯವನ್ನು ರೂಪಿಸಿಕೊಳ್ಳುತ್ತಾನೆ.

1960ರ ದಶಕದ ಮೊದಲ ಭಾಗದಲ್ಲಿ ಅಮೆರಿಕದಲ್ಲಿ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಎಂಬಿಬ್ಬರು ಪ್ರತ್ಯೇಕವಾಗಿ ಈ ಬಗೆಯ ವಾದ್ಯಗಳನ್ನು ರೂಪಿಸಿದರು. ಭಾರತಕ್ಕೂ ಇದು ತೀರ ಹೊಸತಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ವಾದ್ಯವಿದ್ದ ವಿದ್ಯುನ್ಮಾನ ಸಂಗೀತ ಸ್ಟುಡಿಯೋ ಆರಂಭವಾಗಿತ್ತು. ಆದರೆ ಅಂದಿನ ವಾದ್ಯಗಳು ಗಾತ್ರದಲ್ಲಿ ಬೀರುವಿನಷ್ಟು ದೊಡ್ಡವು. ಬೆಲೆಯೂ ಸಂಸ್ಥೆಗಳಿಗೆ ಮಾತ್ರ ಎಟಕುವಂಥದು.

ಪರಿಸ್ಥಿತಿ ಬದಲಾದದ್ದು 1990ರ ದಶಕದ ಮಧ್ಯಭಾಗದಲ್ಲಿ. ಜರ್ಮನಿಯ ಮ್ಯೂನಿಕ್ ಸಮೀಪದ ಗ್ರೇಫೆಲ್ಫಿಂಗ್‌ನ ಡೋಪ್ಫರ್ ಸಂಸ್ಥೆ ಎ-100 ಎಂಬ ಶ್ರೇಣಿಯನ್ನು ಮಾರುಕಟ್ಟೆಗೆ ತಂದಿತು. ಕೈಗಾರಿಕಾ ನಿಯಂತ್ರಣ ಉಪಕರಣಗಳಿಗೆಂದು ಅದಾಗಲೇ ಬಳಕೆಯಲ್ಲಿದ್ದ 19 ಅಂಗುಲದ ಚೌಕಟ್ಟಿನ ಅಳತೆಗಳನ್ನೇ ಅದು ಆಯ್ದುಕೊಂಡಿತು. ಫಲಕದ ಎತ್ತರ 128.5 ಮಿಲಿಮೀಟರ್, ಅಗಲದ ಮೂಲಮಾನ 5.08 ಮಿಲಿಮೀಟರ್, ಇದನ್ನು ಎಚ್.ಪಿ. ಎಂದು ಕರೆಯುತ್ತಾರೆ, ವಿದ್ಯುತ್ ಪೂರೈಕೆ ಧನ 12 ವೋಲ್ಟ್ ಮತ್ತು ಋಣ 12 ವೋಲ್ಟ್, ಜಾಕ್‌ಗಳು 3.5 ಮಿಲಿಮೀಟರಿನವು. ಈ ಅಳತೆಗಳು ಬಹಿರಂಗವಾಗಿದ್ದುದರಿಂದ ಇತರ ತಯಾರಕರೂ ಅವನ್ನೇ ಅನುಸರಿಸಿದರು. ಯೂರೋರ್ಯಾಕ್ ಎಂಬ ಈ ಮಾನಕ ಇಂದು ಈ ಉದ್ಯಮದ ಬೆನ್ನೆಲುಬು. ಒಬ್ಬ ತಯಾರಕನ ಘಟಕ ಮತ್ತೊಬ್ಬನ ಪೆಟ್ಟಿಗೆಯಲ್ಲಿ ಹೊಂದಿಕೊಳ್ಳುವುದರಿಂದ, ಒಂದೇ ಒಂದು ಉತ್ಪನ್ನವಿರುವ ಸಣ್ಣ ಕಾರ್ಯಾಗಾರಕ್ಕೂ ಮಾರುಕಟ್ಟೆಯಲ್ಲಿ ಸ್ಥಾನವಿದೆ. ಮಾನಕಗಳಿಂದ ಸಣ್ಣ ಉದ್ಯಮಕ್ಕೆ ಆಗುವ ಪ್ರಯೋಜನಕ್ಕೆ ಇದೊಂದು ಒಳ್ಳೆಯ ನಿದರ್ಶನ.

ವಿದ್ಯುತ್ತೇ ಶ್ರುತಿ

ಬಹುತೇಕ ಯೂರೋರ್ಯಾಕ್ ಘಟಕಗಳಲ್ಲಿ ಸ್ವರದ ಎತ್ತರವನ್ನು ವೋಲ್ಟೇಜ್ ನಿರ್ಧರಿಸುತ್ತದೆ. ಒಂದು ವೋಲ್ಟ್ ಹೆಚ್ಚಾದರೆ ನಾದ ಒಂದು ಪೂರ್ಣ ಸ್ಥಾಯಿಯಷ್ಟು ಮೇಲೇರುತ್ತದೆ. ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನಗಳಿರುವುದರಿಂದ ಎರಡು ನೆರೆಯ ಸ್ವರಸ್ಥಾನಗಳ ಅಂತರ ಸುಮಾರು 83 ಮಿಲಿವೋಲ್ಟ್ ಮಾತ್ರ. ಅಂದರೆ ಕೇವಲ 10 ಮಿಲಿವೋಲ್ಟ್ ವ್ಯತ್ಯಾಸವಾದರೂ ಸ್ವರವು ತನ್ನ ಸ್ಥಾನದಿಂದ ಎಂಟನೇ ಒಂದು ಪಾಲಿನಷ್ಟು ಸರಿಯುತ್ತದೆ. ಪಳಗಿದ ಕಿವಿಗೆ ಇದು ಅಪಶ್ರುತಿಯೇ.

ಈ 10 ಮಿಲಿವೋಲ್ಟ್ ಎಲ್ಲಿಂದ ಬರುತ್ತದೆ? ಎಲ್ಲ ಘಟಕಗಳೂ ಹಂಚಿಕೊಳ್ಳುವ ಶೂನ್ಯ ವೋಲ್ಟ್ ತಂತಿ ತೆಳುವಾಗಿದ್ದು ಅದರ ರೋಧ 0.1 ಓಮ್ ಇದೆಯೆಂದು ಭಾವಿಸೋಣ. ಅದರಲ್ಲಿ 100 ಮಿಲಿ ಆಂಪಿಯರ್ ಪ್ರವಹಿಸಿದರೆ ಉಂಟಾಗುವ ಕುಸಿತ ಸರಿಯಾಗಿ 10 ಮಿಲಿವೋಲ್ಟ್. ದೀಪಗಳು ಮಿನುಗಿದಂತೆಲ್ಲ ಈ ಪ್ರವಾಹ ಏರಿಳಿಯುತ್ತದೆ, ಸ್ವರವೂ ಅದರೊಡನೆ ಅಲುಗುತ್ತದೆ. ಆದ್ದರಿಂದ ವಿದ್ಯುತ್ ಹಂಚಿಕೆಯ ತಂತಿಗಳು ದಪ್ಪನಾಗಿರಬೇಕು, ಗಿಡ್ಡವಾಗಿರಬೇಕು ಮತ್ತು ಹೆಚ್ಚು ವಿದ್ಯುತ್ ಬಳಸುವ ಘಟಕದ ತಂತಿ ಪೂರೈಕೆಯ ಮೂಲದಿಂದಲೇ ಪ್ರತ್ಯೇಕವಾಗಿ ಹೊರಡಬೇಕು. ಕೆಲವೇ ರೂಪಾಯಿಗಳ ತಂತಿಯಲ್ಲಿ ಮಾಡುವ ಉಳಿತಾಯ ಇಡೀ ವಾದ್ಯದ ಗುಣವನ್ನು ಕೆಡಿಸಬಲ್ಲದು.

ಮೂರು ಕಾಲಮುಗಳ ಆಯವ್ಯಯ

ಯಾವುದೇ ವ್ಯವಹಾರದಲ್ಲಿ ವೆಚ್ಚ ಮಾಡುವ ಮೊದಲು ಆಯವ್ಯಯ ಸಿದ್ಧಪಡಿಸುವಂತೆ, ಇಲ್ಲಿ ಪೆಟ್ಟಿಗೆ ಕೊಳ್ಳುವ ಮೊದಲೇ ವಿದ್ಯುತ್ತಿನ ಆಯವ್ಯಯ ಸಿದ್ಧವಾಗಬೇಕು. ತಯಾರಕರು ಪ್ರತಿ ಘಟಕದ ವಿವರಪಟ್ಟಿಯಲ್ಲಿ ಮೂರು ಅಂಕಿಗಳನ್ನು ಕೊಡುವುದು ವಾಡಿಕೆ: ಅಗಲ, ಧನ 12 ವೋಲ್ಟ್ ಸಾಲಿನ ಬಳಕೆ ಮತ್ತು ಋಣ 12 ವೋಲ್ಟ್ ಸಾಲಿನ ಬಳಕೆ. ಕೆಲವು ಘಟಕಗಳಿಗೆ ಇವುಗಳ ಜೊತೆಗೆ 5 ವೋಲ್ಟ್ ಸಾಲೂ ಬೇಕಾಗುತ್ತದೆ.

ಲೆಕ್ಕದ ಅನುಕೂಲಕ್ಕಾಗಿ 42 ಎಚ್.ಪಿ., ಅಂದರೆ ಸುಮಾರು 213 ಮಿಲಿಮೀಟರ್ ಅಗಲದ ಕಿರು ಪೆಟ್ಟಿಗೆಯನ್ನು ಪರಿಗಣಿಸೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಹಿಡಿದವು. ಮೊದಲನೆಯದು ಧನ ಸಾಲಿನದು, ಎರಡನೆಯದು ಋಣ ಸಾಲಿನದು, ಎರಡೂ ಮಿಲಿ ಆಂಪಿಯರ್‌ಗಳಲ್ಲಿ.

ಆಸಿಲೇಟರ್: 60 ಮತ್ತು 40
ಫಿಲ್ಟರ್: 30 ಮತ್ತು 30
ಆಂಪ್ಲಿಫೈಯರ್: 20 ಮತ್ತು 20
ಎನ್ವಲಪ್: 20 ಮತ್ತು 10
ನಿಧಾನ ಗತಿಯ ಆಸಿಲೇಟರ್: 20 ಮತ್ತು 20
ಡಿಜಿಟಲ್ ಘಟಕ: 120 ಮತ್ತು 20
ಹೊರಹರಿವಿನ ಘಟಕ: 30 ಮತ್ತು 30
ಒಟ್ಟು: 300 ಮತ್ತು 170

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಎರಡು ಸಾಲುಗಳ ಹೊರೆ ಸಮನಾಗಿಲ್ಲ. ಒಂದು ಖಾತೆಯ ಉಳಿಕೆಯನ್ನು ಇನ್ನೊಂದು ಖಾತೆಗೆ ವರ್ಗಾಯಿಸಲು ಇಲ್ಲಿ ಅವಕಾಶವಿಲ್ಲ. ಋಣ ಸಾಲಿನಲ್ಲಿ ಎಷ್ಟೇ ಮಿಕ್ಕಿದ್ದರೂ ಧನ ಸಾಲಿನ ಕೊರತೆಯನ್ನು ಅದು ತುಂಬದು. ಎರಡನೆಯದಾಗಿ, ಒಂದೇ ಒಂದು ಡಿಜಿಟಲ್ ಘಟಕ ಧನ ಸಾಲಿನ ಐದನೇ ಎರಡು ಪಾಲನ್ನು ನುಂಗಿದೆ. ಜಾಗದ ದೃಷ್ಟಿಯಿಂದ ಚಿಕ್ಕದಾಗಿ ಕಾಣುವ ಘಟಕ ವಿದ್ಯುತ್ತಿನ ದೃಷ್ಟಿಯಿಂದ ದುಬಾರಿಯಾಗಿರಬಹುದು.

ವಾದ್ಯವನ್ನು ಚಾಲೂ ಮಾಡಿದ ಕ್ಷಣದಲ್ಲಿ ಎಲ್ಲ ಘಟಕಗಳ ಕೆಪಾಸಿಟರ್‌ಗಳೂ ಒಮ್ಮೆಗೇ ತುಂಬಿಕೊಳ್ಳುವುದರಿಂದ ಬೇಡಿಕೆ ಕ್ಷಣಕಾಲ ಹೆಚ್ಚುತ್ತದೆ. ಆದ್ದರಿಂದ ಮೂರನೇ ಒಂದು ಪಾಲನ್ನು ಮೀಸಲು ನಿಧಿಯಂತೆ ಸೇರಿಸಿಕೊಂಡು, 300ರ ಬದಲು 400 ಮಿಲಿ ಆಂಪಿಯರ್ ಕೊಡಬಲ್ಲ ಪೂರೈಕೆಯನ್ನು ಆಯ್ದುಕೊಳ್ಳುವುದು ಕ್ಷೇಮ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಪೂರೈಕೆಯ ಮಾರ್ಗಗಳು

ಮೇಲಿನ ವಾದ್ಯ ಧನ ಸಾಲಿನಲ್ಲಿ 3.6 ವ್ಯಾಟ್, ಋಣ ಸಾಲಿನಲ್ಲಿ 2.04 ವ್ಯಾಟ್, ಒಟ್ಟು 5.64 ವ್ಯಾಟ್ ಬಳಸುತ್ತದೆ. ಇದನ್ನು ಒದಗಿಸಲು ನಾಲ್ಕು ಮಾರ್ಗಗಳಿವೆ.

1. ಪರ್ಯಾಯ ವಿದ್ಯುತ್ ಅಡಾಪ್ಟರ್: 12 ವೋಲ್ಟ್ ಪರ್ಯಾಯ ವಿದ್ಯುತ್ ಕೊಡುವ ಅಡಾಪ್ಟರ್‌ನಿಂದ ಎರಡು ಡಯೋಡ್‌ಗಳ ಮೂಲಕ ಧನ ಮತ್ತು ಋಣ ಸಾಲುಗಳನ್ನು ಬೇರ್ಪಡಿಸಿ, 7812 ಮತ್ತು 7912 ಎಂಬ ನಿಯಂತ್ರಕಗಳಿಂದ ಸ್ಥಿರಗೊಳಿಸುವುದು ಹಳೆಯ, ಅಗ್ಗದ ಮತ್ತು ಸದ್ದಿಲ್ಲದ ವಿಧಾನ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವವು ನೇರ ವಿದ್ಯುತ್ ಅಡಾಪ್ಟರ್‌ಗಳು. ಅವು ಈ ಮಂಡಲಕ್ಕೆ ಒಗ್ಗುವುದಿಲ್ಲ. ಅಮೆರಿಕದ ನಕ್ಷೆಗಳು ಅಲ್ಲಿನ 60 ಹರ್ಟ್ಸ್ ಪೂರೈಕೆಗೆ ರೂಪಿತವಾದವು. ಭಾರತದ 50 ಹರ್ಟ್ಸ್ ಪೂರೈಕೆಯಲ್ಲಿ ಎರಡು ಅಲೆಗಳ ನಡುವಿನ ಅವಧಿ ಹೆಚ್ಚು. ಆದ್ದರಿಂದ ಕೆಪಾಸಿಟರ್‌ಗಳ ಗಾತ್ರವನ್ನೂ ಅದಕ್ಕನುಗುಣವಾಗಿ ಹೆಚ್ಚಿಸಬೇಕು. 300 ಮಿಲಿ ಆಂಪಿಯರ್ ಹೊರೆಗೆ 2200 ಮೈಕ್ರೋಫ್ಯಾರಡ್ ಇಟ್ಟರೆ ಏರಿಳಿತ ಸುಮಾರು 2.7 ವೋಲ್ಟ್, 4700 ಇಟ್ಟರೆ ಸುಮಾರು 1.3 ವೋಲ್ಟ್. ನಿಯಂತ್ರಕಕ್ಕೆ ತನ್ನ ಹೊರಹರಿವಿಗಿಂತ 2 ವೋಲ್ಟ್‌ನಷ್ಟು ಹೆಚ್ಚಿನ ಒಳಹರಿವು ಬೇಕಾಗುವುದರಿಂದ ಎರಡನೆಯದೇ ಸೂಕ್ತ. ಈ ಮಾರ್ಗದ ಕೊರತೆಯೆಂದರೆ ಗೋಡೆಯ ಸಾಕೆಟ್ ಇಲ್ಲದೆ ವಾದ್ಯ ನುಡಿಯದು.

2. 9 ವೋಲ್ಟ್ ಬ್ಯಾಟರಿಗಳು: ಎರಡು ಸಣ್ಣ ಬ್ಯಾಟರಿಗಳನ್ನು ಜೋಡಿಸಿ ಧನ ಮತ್ತು ಋಣ 9 ವೋಲ್ಟ್ ಪಡೆಯುವುದು ಅತಿ ಸರಳ. ಆದರೆ ಇಂತಹ ಬ್ಯಾಟರಿಯ ಸಾಮರ್ಥ್ಯ ಕಡಿಮೆ ಹೊರೆಯಲ್ಲಿಯೂ 500 ಮಿಲಿ ಆಂಪಿಯರ್ ಗಂಟೆಯ ಆಸುಪಾಸು. 300 ಮಿಲಿ ಆಂಪಿಯರ್ ಹೊರೆಗೆ ಅದು ಬಹುಬೇಗ ಸೋಲುತ್ತದೆ. ಪರೀಕ್ಷೆಗೆ ಇದು ಸಾಕು, ದಿನಬಳಕೆಗೆ ನಷ್ಟದ ಬಾಬತ್ತು. ಬ್ಯಾಟರಿಯಲ್ಲಿಯೇ ನಡೆಯಬೇಕೆಂದರೆ ವಾದ್ಯವನ್ನೇ ಅದಕ್ಕೆ ತಕ್ಕಂತೆ ವಿನ್ಯಾಸಗೊಳಿಸಬೇಕು. ಜೆಕ್ ಗಣರಾಜ್ಯದ ಬಾಸ್ಟಲ್ ಸಂಸ್ಥೆಯ ಕಾಸಲ್ ಎಂಬ ಅಂಗೈಯಗಲದ ವಾದ್ಯ ಮೂರೇ ಪೆನ್ಸಿಲ್ ಸೆಲ್‌ಗಳಿಂದ ನುಡಿಯುವುದು ಹೀಗೆ.

3. ಸೀಸ-ಆಮ್ಲ ಬ್ಯಾಟರಿ: ಕಂಪ್ಯೂಟರ್ ಯು.ಪಿ.ಎಸ್.ಗಳಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್ ಗಂಟೆಯ ಬ್ಯಾಟರಿಯ ಒಟ್ಟು ಸಂಗ್ರಹ 84 ವ್ಯಾಟ್ ಗಂಟೆ. ಆಯುಷ್ಯ ಕಾಯ್ದುಕೊಳ್ಳಲು ಅರ್ಧವನ್ನಷ್ಟೇ ಬಳಸುವುದು ಒಳಿತು. ಅದರಿಂದಲೂ ಸುಮಾರು ಆರು ಗಂಟೆ ಕೆಲಸವಾಗುತ್ತದೆ. ಬೆಲೆ ಕಡಿಮೆ, ದೊರೆಯುವುದೂ ಸುಲಭ. ಆದರೆ ಎರಡು ಕಿಲೋಗ್ರಾಮಿಗೂ ಮೀರಿದ ತೂಕ ಒಯ್ಯುವ ವಾದ್ಯಕ್ಕೆ ಭಾರವೇ ಸರಿ.

4. ಪವರ್ ಬ್ಯಾಂಕ್: ಮೊಬೈಲ್ ದೂರವಾಣಿಗೆ ಬಳಸುವ ಪವರ್ ಬ್ಯಾಂಕ್‌ನ 5 ವೋಲ್ಟ್ ಅನ್ನು ಪ್ರತ್ಯೇಕಿತ ಪರಿವರ್ತಕದ ಮೂಲಕ ಧನ ಮತ್ತು ಋಣ 12 ವೋಲ್ಟ್‌ಗೆ ಏರಿಸುವುದು ಇಂದು ಅನುಕೂಲಕರ ಮಾರ್ಗ. 10 ವ್ಯಾಟ್‌ನ ಪರಿವರ್ತಕ ಪ್ರತಿ ಸಾಲಿಗೆ ಸುಮಾರು 416 ಮಿಲಿ ಆಂಪಿಯರ್ ಕೊಡುತ್ತದೆ. ಮೇಲಿನ ಆಯವ್ಯಯಕ್ಕೆ ಇದು ಸರಿಹೊಂದುತ್ತದೆ. 6 ವ್ಯಾಟ್‌ನದನ್ನು ಕೊಂಡರೆ ಧನ ಸಾಲಿಗೆ 250 ಮಾತ್ರ ದೊರೆತು ಕೊರತೆ ಬೀಳುತ್ತದೆ.

ಪವರ್ ಬ್ಯಾಂಕ್ ಕೊಳ್ಳುವವರು ಒಟ್ಟು ಮತ್ತು ನಿವ್ವಳಗಳ ವ್ಯತ್ಯಾಸವನ್ನು ಅರಿತಿರಬೇಕು. ಮೇಲೆ ಮುದ್ರಿಸಿದ 10,000 ಮಿಲಿ ಆಂಪಿಯರ್ ಗಂಟೆ ಎಂಬುದು ಒಳಗಿನ 3.7 ವೋಲ್ಟ್ ಕೋಶಗಳ ಲೆಕ್ಕ. ಅಂದರೆ 37 ವ್ಯಾಟ್ ಗಂಟೆ. 5 ವೋಲ್ಟ್‌ಗೆ ಏರಿಸುವಾಗ ಶೇಕಡ 15ರಷ್ಟು ನಷ್ಟವಾಯಿತೆಂದರೆ ಸುಮಾರು 31 ಉಳಿಯುತ್ತದೆ. ಪರಿವರ್ತಕದ ದಕ್ಷತೆ ಶೇಕಡ 80 ಎಂದಾದರೆ 5.64 ವ್ಯಾಟ್ ಒದಗಿಸಲು 7.05 ವ್ಯಾಟ್ ಎಳೆಯಬೇಕಾಗುತ್ತದೆ. 31ನ್ನು 7.05ರಿಂದ ಭಾಗಿಸಿದರೆ ದೊರೆಯುವುದು ನಾಲ್ಕೂಕಾಲು ಗಂಟೆಗಿಂತ ತುಸು ಹೆಚ್ಚು. ಒಂದು ಸಂಜೆಯ ಕಾರ್ಯಕ್ರಮಕ್ಕೆ ಇದು ಧಾರಾಳ. ವಿಮಾನ ಪ್ರಯಾಣದಲ್ಲಿ 100 ವ್ಯಾಟ್ ಗಂಟೆಯವರೆಗಿನ ಪವರ್ ಬ್ಯಾಂಕ್‌ಗಳನ್ನು ಕೈಸಾಮಾನಿನಲ್ಲಿ ಮಾತ್ರ ಒಯ್ಯಬಹುದು, ಸರಕಿನ ಪೆಟ್ಟಿಗೆಯಲ್ಲಿ ಇಡುವಂತಿಲ್ಲ ಎಂಬುದೂ ನೆನಪಿರಲಿ. ಬಿಡಿ ಲಿಥಿಯಂ ಕೋಶಗಳನ್ನು ಕೊಂಡು ಸ್ವತಃ ಬೆಸೆಯುವ ಸಾಹಸ ಬೇಡ. ಬೆಂಕಿಯ ಅಪಾಯದ ಮುಂದೆ ಆ ಉಳಿತಾಯ ನಗಣ್ಯ. ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆಯಿರುವ ಪವರ್ ಬ್ಯಾಂಕ್ ಅನ್ನೇ ಕೊಳ್ಳಬೇಕು.

ಪರಿವರ್ತಕಗಳಿಂದ ಅತಿ ಕಂಪನದ ಸದ್ದು ನಾದದೊಳಗೆ ನುಸುಳುವುದುಂಟು. ಹೊರಹರಿವಿನಲ್ಲಿ ಸುರುಳಿ ಮತ್ತು ಕೆಪಾಸಿಟರ್‌ಗಳ ಶೋಧಕ ಇಡುವುದು ಇದಕ್ಕೆ ಪರಿಹಾರ. ಇನ್ನೂ ಶುದ್ಧತೆ ಬೇಕೆಂದರೆ ಮೊದಲು 15 ವೋಲ್ಟ್ ಉತ್ಪಾದಿಸಿ, ನಿಯಂತ್ರಕಗಳಿಂದ 12ಕ್ಕೆ ಇಳಿಸಬಹುದು. ಆಗ ಐದನೇ ಒಂದು ಪಾಲು ವಿದ್ಯುತ್ ಶಾಖವಾಗಿ ಹೋಗುತ್ತದೆ, ಬ್ಯಾಟರಿಯ ಅವಧಿಯೂ ಅಷ್ಟು ಕಡಿಮೆಯಾಗುತ್ತದೆ.

ಅಗ್ಗದ ಭಾಗ, ದುಬಾರಿ ಹಾನಿ

ಒಂದು ಘಟಕ ಕೆಟ್ಟರೆ ನಷ್ಟ ಒಂದೇ ಘಟಕದ್ದು. ವಿದ್ಯುತ್ ಪೂರೈಕೆ ಕೆಟ್ಟರೆ ಪೆಟ್ಟಿಗೆಯಲ್ಲಿರುವ ಎಲ್ಲ ಘಟಕಗಳೂ ಏಕಕಾಲಕ್ಕೆ ಕೆಡಬಹುದು. ಗ್ರಾಹಕನು ವರ್ಷಗಟ್ಟಲೆ ಕೂಡಿಸಿದ ಬಂಡವಾಳ ಒಂದು ಕ್ಷಣದಲ್ಲಿ ಹೋಗುವುದು ಹೀಗೆ. ಆದ್ದರಿಂದ ಈ ಕೆಳಗಿನ ಎಚ್ಚರಗಳನ್ನು ಯಾವ ತಯಾರಕನೂ ಕಡೆಗಣಿಸಬಾರದು.

(ಅ) ಪಟ್ಟಿ ತಂತಿಯ ಕೆಂಪು ಗೆರೆ ಋಣ 12 ವೋಲ್ಟ್ ಅನ್ನು ಸೂಚಿಸುತ್ತದೆ. ಕೆಂಪೆಂದರೆ ಧನ ಎಂಬ ರೂಢಿಗೆ ಇದು ವಿರುದ್ಧವಾದುದರಿಂದ ಹೊಸಬರು ತಿರುಗಿಸಿ ಚುಚ್ಚುತ್ತಾರೆ. ಒಂದೇ ದಿಕ್ಕಿನಲ್ಲಿ ಕೂರುವ ಕವಚವಿರುವ ಜೋಡಣೆ ಹಾಗೂ ಪ್ರತಿ ಸಾಲಿಗೊಂದು ರಕ್ಷಕ ಡಯೋಡ್ ಕಡ್ಡಾಯವಾಗಿರಲಿ.

(ಆ) 7812 ಮತ್ತು 7912 ನೋಡಲು ಒಂದೇ ರೀತಿ. ಆದರೆ ಅವುಗಳ ಕಾಲುಗಳ ಕ್ರಮ ಬೇರೆ. 7812ರ ಲೋಹದ ಬೆನ್ನು ಶೂನ್ಯ ವೋಲ್ಟ್‌ಗೆ ಸೇರಿದ್ದರೆ 7912ರ ಬೆನ್ನು ಒಳಹರಿವಿಗೆ ಸೇರಿರುತ್ತದೆ. ಎರಡನ್ನೂ ನಿರೋಧಕ ಹಾಳೆಯಿಲ್ಲದೆ ಒಂದೇ ಶಾಖಫಲಕಕ್ಕೆ ಬಿಗಿದರೆ ಶಾರ್ಟ್ ಆಗುತ್ತದೆ.

(ಇ) ಘಟಕಗಳನ್ನು ಜೋಡಿಸುವ ಮೊದಲು ಪೂರೈಕೆಯನ್ನು ಹೊರೆಯಿಟ್ಟು ಪರೀಕ್ಷಿಸಬೇಕು. ಧನ ಸಾಲಿಗೆ 39 ಓಮ್, 10 ವ್ಯಾಟ್‌ನ ರೋಧಕ ಇಟ್ಟರೆ ಸುಮಾರು 308 ಮಿಲಿ ಆಂಪಿಯರ್, ಋಣ ಸಾಲಿಗೆ 68 ಓಮ್, 5 ವ್ಯಾಟ್‌ನದು ಇಟ್ಟರೆ ಸುಮಾರು 176 ಮಿಲಿ ಆಂಪಿಯರ್ ಹರಿಯುತ್ತದೆ. ಒಂದು ಗಂಟೆಯ ನಂತರವೂ ವೋಲ್ಟೇಜ್ ಸ್ಥಿರವಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ರೋಧಕಗಳು ಮುಟ್ಟಲಾಗದಷ್ಟು ಕಾಯುತ್ತವೆ ಎಂಬ ಎಚ್ಚರವಿರಲಿ.

(ಈ) 230 ವೋಲ್ಟ್‌ನ ಜೋಡಣೆ ಪೆಟ್ಟಿಗೆಯೊಳಗೆ ಬರುವುದೇ ಬೇಡ. ಪ್ರಮಾಣೀಕೃತ ಅಡಾಪ್ಟರ್ ಹೊರಗಿರಲಿ, ಕಡಿಮೆ ವೋಲ್ಟೇಜ್ ಮಾತ್ರ ಒಳಬರಲಿ.

ವೆಚ್ಚದ ಲೆಕ್ಕ

ಬಿಡಿಭಾಗಗಳನ್ನು ಕೊಂಡು ಬೆಸೆದರೆ ಸಿದ್ಧ ಘಟಕಕ್ಕಿಂತ ಅಗ್ಗ ಎಂಬ ನಂಬಿಕೆ ಭಾಗಶಃ ಮಾತ್ರ ಸತ್ಯ. ಬೆಸುಗೆ ಸಾಧನ, ಮಲ್ಟಿಮೀಟರ್ ಮುಂತಾದವು ಬಂಡವಾಳ ವೆಚ್ಚ. ಒಂದೇ ಘಟಕ ಕಟ್ಟುವವನಿಗೆ ಅವೆಲ್ಲ ಆ ಒಂದರ ಮೇಲೆಯೇ ಬೀಳುತ್ತವೆ. ಸಣ್ಣ ಪ್ರಮಾಣದ ನಿಜವಾದ ಶತ್ರು ಸ್ಥಿರ ವೆಚ್ಚ. ಒಂದು ಫಲಕ ಮತ್ತು ಹಲಗೆಯ ನಕ್ಷೆ ಹಾಗೂ ಆರಂಭಿಕ ಸಿದ್ಧತೆಗೆ 10,000 ರೂಪಾಯಿ, ಪ್ರತಿ ನಗಕ್ಕೆ 400 ರೂಪಾಯಿ ತಗಲುತ್ತದೆಂದು ಭಾವಿಸೋಣ. 5 ನಗ ಮಾಡಿಸಿದರೆ ತಲಾ 2,400 ರೂಪಾಯಿ. 50 ಮಾಡಿಸಿದರೆ ತಲಾ 600 ರೂಪಾಯಿ. ಆದ್ದರಿಂದಲೇ ಹವ್ಯಾಸಿಗಳು ಗುಂಪಾಗಿ ಸೇರಿ ಹಲಗೆಗಳನ್ನು ತರಿಸುತ್ತಾರೆ. ಇದೇ ಸೂತ್ರ ಸಣ್ಣ ತಯಾರಕರಿಗೂ ಅನ್ವಯಿಸುತ್ತದೆ.

ಪೆಟ್ಟಿಗೆಯಲ್ಲಿ ಮಿತವ್ಯಯಕ್ಕೆ ಸಾಕಷ್ಟು ಅವಕಾಶವಿದೆ. ಅಲ್ಯೂಮಿನಿಯಂ ಹಳಿಗಳನ್ನು ಕೊಂಡು ಪಕ್ಕಗಳಿಗೆ ಪ್ಲೈವುಡ್ ಬಳಸಬಹುದು. ಫಲಕಕ್ಕೆ ಲೋಹದ ಬದಲು ಮುದ್ರಿತ ಮಂಡಲದ ಹಲಗೆಯನ್ನೇ ಬಳಸುವ ಪದ್ಧತಿಯೂ ಇದೆ. ಮುಕ್ತವಾಗಿ ಪ್ರಕಟವಾದ ವಿನ್ಯಾಸಗಳನ್ನು ಬಳಸಿದರೆ ಸಂಶೋಧನಾ ವೆಚ್ಚವೂ ತಗ್ಗುತ್ತದೆ. ಫ್ರಾನ್ಸಿನ ಮ್ಯೂಟಬಲ್ ಇನ್ಸ್‌ಟ್ರುಮೆಂಟ್ಸ್ ಸಂಸ್ಥೆಯ ವಿನ್ಯಾಸಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಆದರೆ ವಿನ್ಯಾಸ ಮುಕ್ತವೆಂದ ಮಾತ್ರಕ್ಕೆ ಹೆಸರೂ ಮುಕ್ತವಲ್ಲ. ಪರವಾನಗಿಯ ಷರತ್ತುಗಳನ್ನು ಓದಿ, ಮೂಲ ಸಂಸ್ಥೆಯ ಹೆಸರನ್ನು ತನ್ನ ಸರಕಿನ ಮೇಲೆ ಹಾಕದಿರುವುದು ಅಗತ್ಯ.

ಹೊರದೇಶದಿಂದ ತರಿಸುವವರು ತೆರಿಗೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು. ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯಗಳು ಸುಂಕಪಟ್ಟಿಯ 9207ನೇ ಶೀರ್ಷಿಕೆಯಲ್ಲಿ, ವಾದ್ಯದ ಬಿಡಿಭಾಗಗಳು 9209ರಲ್ಲಿ, ವಿದ್ಯುತ್ ಪರಿವರ್ತಕಗಳು 8504ರಲ್ಲಿ ಬರುತ್ತವೆ. ಸುಂಕ ಬೀಳುವುದು ಸರಕಿನ ಬೆಲೆಯ ಮೇಲೆ ಮಾತ್ರವಲ್ಲ. ಸಾಗಣೆ ಮತ್ತು ವಿಮೆಯ ಮೊತ್ತದ ಮೇಲೂ ಸಹ. ಜಿ.ಎಸ್.ಟಿ. ನೋಂದಣಿಯಿರುವ ತಯಾರಕರು ಆಮದಿನ ಮೇಲಿನ ಐ.ಜಿ.ಎಸ್.ಟಿ.ಯನ್ನು ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಸೀಮಾಸುಂಕ ಮಾತ್ರ ವೆಚ್ಚವಾಗಿಯೇ ಉಳಿಯುತ್ತದೆ. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಮತ್ತು ಹವ್ಯಾಸಿಗಳಿಗೆ ಎರಡೂ ವೆಚ್ಚವೇ.

ನಮ್ಮ ತಯಾರಕರಿಗೆ ಅವಕಾಶ

ವಾದ್ಯವನ್ನು ವಿದ್ಯುನ್ಮಾನಕ್ಕೆ ಅಳವಡಿಸುವುದರಲ್ಲಿ ಕರ್ನಾಟಕಕ್ಕೆ ಅನುಭವವಿಲ್ಲದಿಲ್ಲ. ಬೆಂಗಳೂರಿನ ರ್ಯಾಡೆಲ್ ಸಂಸ್ಥೆಯ ವಿದ್ಯುನ್ಮಾನ ತಂಬೂರಿ ಮತ್ತು ಶ್ರುತಿಪೆಟ್ಟಿಗೆಗಳು ಸಂಗೀತಗಾರರ ಮನೆಮನೆಗಳಲ್ಲಿವೆ. ಬಿಡಿಭಾಗಗಳಿಗೆ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಿವೆ. ಲೋಹದ ಕೆಲಸಕ್ಕೆ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಿವೆ. ಪೂರ್ಣ ವಾದ್ಯಕ್ಕೆ ಕೈಹಾಕುವ ಮೊದಲು ಫಲಕ ಕತ್ತರಿಸುವುದು, ಪೆಟ್ಟಿಗೆ, ಹಳಿ, ಪಟ್ಟಿ ತಂತಿ ಮತ್ತು ಪರೀಕ್ಷಿತ ವಿದ್ಯುತ್ ಪೂರೈಕೆ, ಇವುಗಳ ಜಾಬ್ ವರ್ಕ್‌ನಿಂದ ಆರಂಭಿಸುವುದು ವಿವೇಕಯುತ. ಇವುಗಳಿಗೆ ಹೆಚ್ಚಿನ ದಾಸ್ತಾನು ಬೇಡ, ವಿನ್ಯಾಸವೂ ಬೇಗ ಹಳತಾಗುವುದಿಲ್ಲ.

ಆದರೆ ಪೂರೈಕೆಯ ತಯಾರಿಕೆಗೆ ಇಳಿಯುವವರು ಒಂದು ಮಾತನ್ನು ನೆನಪಿಡಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಪ್ರತಿಯೊಂದು ನಗವನ್ನೂ ಹೊರೆಯಿಟ್ಟು ಪರೀಕ್ಷಿಸಿ, ಅಳತೆಗಳನ್ನು ಬರೆದ ಚೀಟಿಯನ್ನು ಕ್ರಮಸಂಖ್ಯೆಯೊಡನೆ ಪೆಟ್ಟಿಗೆಯಲ್ಲಿಟ್ಟು ಕಳುಹಿಸಬೇಕು. ಮುದ್ರಿಸುವ ಸಾಮರ್ಥ್ಯ ನಿರಂತರ ಬಳಕೆಯದಾಗಿರಬೇಕು, ಕ್ಷಣಿಕ ಗರಿಷ್ಠದ್ದಲ್ಲ. ಮಿತವ್ಯಯದ ವಾದ್ಯ ಕಟ್ಟುವವರಾಗಲಿ, ಅದಕ್ಕೆ ಸರಕು ಒದಗಿಸುವವರಾಗಲಿ ಖರ್ಚಿನ ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು: ಮೊದಲು ವಿದ್ಯುತ್ ಪೂರೈಕೆ, ಅನಂತರ ಅದು ಹೊರಬಲ್ಲಷ್ಟು ಘಟಕಗಳು, ಕೊನೆಯಲ್ಲಿ ಪೆಟ್ಟಿಗೆಯ ಅಂದಚೆಂದ.